ಊರಿಗೆ ಒಬ್ಬನೇ ಈರಣ್ಣ, ಪಟ್ಟಿಗೆ ಮೂವರು: ಕಂಪ್ಯೂಟರ್ ಹೆಸರು ಹೋಲಿಸುವ ಬಗೆ

ಆದೋನಿ: ರೇಷನ್ ಕಾರ್ಡು ಈಚೆ, ಹೊಲ ಆಚೆ. ಕೋಸಿಗಿ, ಕೌತಾಳಂ, ಹೊಳಗುಂದ, ಹಾಲಹರ್ವಿ ಮಂಡಲಗಳ ಗಡಿ ಹಳ್ಳಿಗಳಲ್ಲಿ ಇದೇನೂ ಹೊಸ ಸಂಗತಿಯಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಅಂದಿನ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು, ಉಳಿದವು ಮೈಸೂರಿಗೆ ಹೋದವು. ಗಡಿ ರೇಖೆ ಬದಲಾಯಿತು, ಬೀಗತನ ಬದಲಾಗಲಿಲ್ಲ. ಸಿರುಗುಪ್ಪದಿಂದ ಹೆಣ್ಣು ತರುವುದು, ರಾಯಚೂರು ಕಡೆಗೆ ಹೆಣ್ಣು ಕೊಡುವುದು ಇಂದಿಗೂ ನಡೆದೇ ಇದೆ. ಮನೆಯಲ್ಲಿ ಕನ್ನಡ, ಮಂಡಲ ಕಚೇರಿಯಲ್ಲಿ ತೆಲುಗು, ಬ್ಯಾಂಕಿನಲ್ಲಿ ಇಂಗ್ಲಿಷ್.

ಇದರ ಫಲವಾಗಿ ಒಬ್ಬನೇ ಮನುಷ್ಯನಿಗೆ ಮೂರು ಹೆಸರು. ಕೌತಾಳಂ ಮಂಡಲದ ಉರುಕುಂದ ಈರಣ್ಣಸ್ವಾಮಿಯ ದಯೆಯಿಂದ ಈ ಸೀಮೆಯಲ್ಲಿ ಈರಣ್ಣಂದಿರಿಗೆ ಬರವಿಲ್ಲ. ಅಂಥ ಒಬ್ಬ ಈರಣ್ಣನನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಕರ್ನಾಟಕದ ಪಹಣಿಯಲ್ಲಿ ಆತ ಕನ್ನಡದಲ್ಲಿ ‘ಈರಣ್ಣ’. ಆಂಧ್ರದ ಪಟ್ಟಾದಾರ್ ಪಾಸ್‌ಬುಕ್ಕಿನಲ್ಲಿ ತೆಲುಗು ಲಿಪಿಯಲ್ಲಿ ‘ವೀರನ್ನ’. ಆಧಾರ್ ಕಾರ್ಡಿನ ಇಂಗ್ಲಿಷಿನಲ್ಲಿ ‘ಇರನ್ನ’ ಎಂದು ಓದಬಹುದಾದ ಐದಾರು ಅಕ್ಷರ. ಮೂವರೂ ಒಬ್ಬನೇ ಎಂಬುದು ಊರಿನ ಸಣ್ಣ ಮಗುವಿಗೂ ಗೊತ್ತು. ಗೊತ್ತಿಲ್ಲದ್ದು ಕಂಪ್ಯೂಟರಿಗೆ ಮಾತ್ರ.

ಹಿಂದೆ ಈ ತಕರಾರು ಬಂದರೆ ಕರಣಂ ಒಂದು ಮಾತು ಬರೆದುಕೊಟ್ಟರೆ ಸಾಕಿತ್ತು. ಈಗ ಪಿ.ಎಂ. ಕಿಸಾನ್‌ನ ವರ್ಷದ 6,000 ರೂಪಾಯಿ ಇರಲಿ, ತಿಂಗಳ ಪಿಂಚಣಿ ಇರಲಿ, ಮತದಾರರ ಪಟ್ಟಿ ಇರಲಿ, ಮೊದಲು ಹೆಸರು ಹೋಲಿಸಿ ನೋಡುವುದು ಯಂತ್ರ. ಯಂತ್ರ ‘ಹೊಂದಲಿಲ್ಲ’ ಎಂದರೆ ದುಡ್ಡು ನಿಂತಿತು ಎಂದೇ ಅರ್ಥ. ಸಚಿವಾಲಯದ ಕೌಂಟರಿನಲ್ಲಿ ಕುಳಿತ ಹುಡುಗನನ್ನು ಬೈದು ಪ್ರಯೋಜನವಿಲ್ಲ, ಆತನಿಗೂ ಪರದೆಯ ಮೇಲೆ ಕಾಣುವುದು ಅಷ್ಟೇ. ಹಾಗಾದರೆ ಯಂತ್ರ ಹೆಸರನ್ನು ಹೋಲಿಸುವುದು ಹೇಗೆ?

ಉತ್ತರ ದೂರದಲ್ಲಿಲ್ಲ. ಆದೋನಿ, ಕರ್ನೂಲು, ಬಳ್ಳಾರಿಯ ಕಾಲೇಜುಗಳಲ್ಲಿ ಕಂಪ್ಯೂಟರ್ ಓದುವ ಗಡಿ ಹಳ್ಳಿಗಳ ಮಕ್ಕಳು ಜಾವಾ ಲ್ಯಾಬಿನಲ್ಲಿ ಮೊದಮೊದಲು ಮಾಡುವ ಅಭ್ಯಾಸಗಳಲ್ಲೇ ಇದೂ ಒಂದು: ಎರಡು ಅರೇಗಳಲ್ಲಿರುವ ಸ್ಟ್ರಿಂಗ್‌ಗಳನ್ನು ಹೋಲಿಸಿ, ಎರಡರಲ್ಲೂ ಇರುವ ಹೆಸರುಗಳನ್ನು ಹೊರತೆಗೆಯಿರಿ. ಜಾವಾ ಎಂಬುದು 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಹೊರತಂದ, ಜೇಮ್ಸ್ ಗಾಸ್ಲಿಂಗ್ ಮತ್ತವರ ತಂಡ ರೂಪಿಸಿದ ಪ್ರೋಗ್ರಾಮಿಂಗ್ ಭಾಷೆ. 2010ರಲ್ಲಿ ಆ ಕಂಪನಿಯನ್ನು ಒರಾಕಲ್ ಕೊಂಡಿತು. ಸರ್ಕಾರಿ ತಂತ್ರಾಂಶಗಳೆಲ್ಲ ಜಾವಾದಲ್ಲೇ ಇವೆ ಎಂದು ಇಲ್ಲಿ ಹೇಳುತ್ತಿಲ್ಲ. ಆದರೆ ಹೆಸರು ಹೋಲಿಸುವ ಕಷ್ಟಗಳು ಹೆಚ್ಚುಕಡಿಮೆ ಎಲ್ಲ ಭಾಷೆಗಳಲ್ಲೂ ಇವೇ.

ಮೊದಲು ಎರಡು ಪದ. ಅಕ್ಷರಗಳನ್ನು ಒಂದರ ಪಕ್ಕ ಒಂದು ಪೋಣಿಸಿದ ಸರವೇ ಸ್ಟ್ರಿಂಗ್. ‘ಈರಣ್ಣ’ ಒಂದು ಸ್ಟ್ರಿಂಗ್. ಇಂಥ ಹಲವನ್ನು ಸಾಲಾಗಿ ಇಟ್ಟು ಒಂದೊಂದಕ್ಕೂ ಸಂಖ್ಯೆ ಕೊಟ್ಟರೆ ಅದು ಅರೇ. ಆದೋನಿ ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿಯ ರಾಶಿಗಳಿಗೆ ಲಾಟ್ ನಂಬರ್ ಹಾಕಿದ ಹಾಗೆ ಎನ್ನಬಹುದು. ಒಂದೇ ವ್ಯತ್ಯಾಸ, ಜಾವಾದ ಲಾಟ್ ನಂಬರ್ ಒಂದರಿಂದಲ್ಲ, ಸೊನ್ನೆಯಿಂದ ಆರಂಭ. ಹತ್ತು ಹೆಸರಿನ ಅರೇಯಲ್ಲಿ ಕೊನೆಯದು 9ನೆಯದು. ಹತ್ತನೆಯದನ್ನು ಕೇಳಿದರೆ ಪ್ರೋಗ್ರಾಮ್ ಅಲ್ಲೇ ಮುಗ್ಗರಿಸುತ್ತದೆ.

ಕಾಗದ ಬೇರೆ, ಬರಹ ಬೇರೆ

ಲ್ಯಾಬಿನಲ್ಲಿ ಬಹುತೇಕ ವಿದ್ಯಾರ್ಥಿಗಳು ಮೊದಲು ಎಡವುವುದು ಇಲ್ಲಿ. ಎರಡು ಸಂಖ್ಯೆ ಸಮವೇ ಎಂದು ಕೇಳಲು ಜಾವಾದಲ್ಲಿ == ಎಂಬ ಜೋಡಿ ಗುರುತಿದೆ. ಹೆಸರುಗಳಿಗೂ ಅದನ್ನೇ ಹಾಕಿದರೆ ಕೆಡುತ್ತದೆ. ಸ್ಟ್ರಿಂಗ್‌ಗಳ ವಿಷಯದಲ್ಲಿ == ಕೇಳುವುದು ‘ಬರಹ ಒಂದೇಯೇ’ ಎಂದಲ್ಲ, ‘ಕಾಗದ ಒಂದೇಯೇ’ ಎಂದು. ಒಂದೇ ರೇಷನ್ ಕಾರ್ಡಿನ ಎರಡು ಜೆರಾಕ್ಸ್ ಪ್ರತಿಗಳನ್ನು ಮುಂದಿಟ್ಟರೆ == ‘ಇವು ಬೇರೆ ಬೇರೆ’ ಎನ್ನುತ್ತದೆ. ಕಾಗದದ ಲೆಕ್ಕದಲ್ಲಿ ಅದು ನಿಜವೇ! ಕಂಪ್ಯೂಟರಿನ ನೆನಪಿನಲ್ಲಿ ಎರಡೂ ಬೇರೆ ಬೇರೆ ಜಾಗದಲ್ಲಿ ಕುಳಿತಿವೆ. ಬರಹವನ್ನು ಅಕ್ಷರಕ್ಕೆ ಅಕ್ಷರ ಹೋಲಿಸಬೇಕಾದರೆ ‘ಈಕ್ವಲ್ಸ್’ ಎಂಬ ಕ್ರಮವನ್ನೇ ಕರೆಯಬೇಕು.

ಇದರಲ್ಲಿ ಒಂದು ಮೋಸವೂ ಅಡಗಿದೆ. ಪ್ರೋಗ್ರಾಮಿನೊಳಗೇ ಉದ್ಧರಣ ಚಿಹ್ನೆಯ ನಡುವೆ ಬರೆದ ಪದಗಳನ್ನು ಜಾವಾ ಮಿತವ್ಯಯಕ್ಕಾಗಿ ಒಂದೇ ಪ್ರತಿ ಮಾಡಿ ಇಟ್ಟುಕೊಳ್ಳುತ್ತದೆ. ‘ಈರಣ್ಣ’ ಎಂದು ಎರಡು ಕಡೆ ಬರೆದರೂ ಒಳಗೆ ಕಾಗದ ಒಂದೇ. ಆಗ == ಕೂಡ ‘ಹೌದು, ಸಮ’ ಎನ್ನುತ್ತದೆ. ಲ್ಯಾಬ್ ಪರೀಕ್ಷೆಯಲ್ಲಿ ಪ್ರೋಗ್ರಾಮ್ ಪಾಸು, ಹುಡುಗನೂ ಪಾಸು. ಅದೇ ಪ್ರೋಗ್ರಾಮಿಗೆ ಕಡತದಿಂದ ಓದಿದ ನಿಜವಾದ ಪಟ್ಟಿ ಕೊಟ್ಟರೆ ಪ್ರತಿ ಹೆಸರಿಗೂ ಹೊಸ ಪ್ರತಿ ಹುಟ್ಟುತ್ತದೆ. ಆಗ ಇಡೀ ಊರಿನಲ್ಲಿ ಒಬ್ಬರ ಹೆಸರೂ ಹೊಂದುವುದಿಲ್ಲ. ಪರೀಕ್ಷೆಯಲ್ಲಿ ಬಾರದ ತಪ್ಪು ಕೆಲಸದಲ್ಲಿ ಬರುವುದು ಹೀಗೆ.

ಅರೇಗಳಿಗೂ ಇದೇ ಗತಿ. ಎರಡು ಪೂರ್ತಿ ಅರೇಗಳನ್ನು ಒಂದೇ ಏಟಿಗೆ ಈಕ್ವಲ್ಸ್ ಎಂದು ಕೇಳಿದರೆ ಅಲ್ಲಿ ಮತ್ತೆ ‘ಕಾಗದ ಒಂದೇಯೇ’ ಎಂಬ ಉತ್ತರ ಬರುತ್ತದೆ. ಅದಕ್ಕೆಂದೇ ‘ಅರೇಸ್’ ಎಂಬ ಬೇರೆ ಸಲಕರಣೆ ಇದೆ. ಅದರ ಈಕ್ವಲ್ಸ್ ಮೊದಲನೆಯದಕ್ಕೆ ಮೊದಲನೆಯದು, ಎರಡನೆಯದಕ್ಕೆ ಎರಡನೆಯದು ಎಂದು ಜೋಡಿ ಜೋಡಿಯಾಗಿ ನೋಡುತ್ತದೆ. ಆದರೆ ಪಟ್ಟಿಯ ಕ್ರಮ ಬೇರೆಯಾದರೆ ಅದೂ ಕೈಕೊಡುತ್ತದೆ. ರೇಷನ್ ಪಟ್ಟಿ ಕಾರ್ಡಿನ ನಂಬರಿನ ಕ್ರಮದಲ್ಲಿ, ಮತದಾರರ ಪಟ್ಟಿ ಮನೆ ನಂಬರಿನ ಕ್ರಮದಲ್ಲಿ ಇರುವಾಗ ಜೋಡಿ ನೋಡಿ ಏನು ಬಂತು?

ಎರಡು ಪಟ್ಟಿ, ನಲವತ್ತು ಲಕ್ಷ ಪ್ರಶ್ನೆ

ಆದ್ದರಿಂದ ಪ್ರತಿ ಹೆಸರನ್ನೂ ಇನ್ನೊಂದು ಪಟ್ಟಿಯ ಎಲ್ಲ ಹೆಸರುಗಳ ಜೊತೆ ಹೋಲಿಸಬೇಕು. ಹಿಂದೆ ಕಚೇರಿಯಲ್ಲಿ ಇಬ್ಬರು ಗುಮಾಸ್ತರು ಎದುರುಬದುರು ಕುಳಿತು ಒಬ್ಬ ಹೆಸರು ಓದಿದರೆ ಇನ್ನೊಬ್ಬ ತನ್ನ ರಿಜಿಸ್ಟರಿನ ಉದ್ದಕ್ಕೂ ಬೆರಳಾಡಿಸುತ್ತಿದ್ದರಲ್ಲ, ಅದೇ ವಿಧಾನ. ಜಾವಾದಲ್ಲಿ ಇದನ್ನು ಒಂದು ಸುತ್ತಿನೊಳಗೆ ಇನ್ನೊಂದು ಸುತ್ತು ಹಾಕಿ ಬರೆಯುತ್ತಾರೆ. ಹೊರಗಿನ ಸುತ್ತು ಒಂದು ಹೆಸರು ಎತ್ತಿಕೊಳ್ಳುತ್ತದೆ, ಒಳಗಿನ ಸುತ್ತು ಎರಡನೆಯ ಪಟ್ಟಿಯನ್ನು ಆರಂಭದಿಂದ ಕೊನೆಯವರೆಗೆ ಓದುತ್ತದೆ.

ಎರಡು ಪಟ್ಟಿಯಲ್ಲೂ 2,000 ಹೆಸರಿರುವ ಹಳ್ಳಿಗೆ 2,000 ಸಲ 2,000, ಅಂದರೆ 40 ಲಕ್ಷ ಹೋಲಿಕೆ. ಇಂದಿನ ಕಂಪ್ಯೂಟರಿಗೆ ಇದು ಲೆಕ್ಕವೇ ಅಲ್ಲ. ಆದರೆ ಎರಡೂ ಕಡೆ 50,000 ಹೆಸರಿನ ಪಟ್ಟಿಗಳಾದರೆ 250 ಕೋಟಿ. ರಾಜ್ಯದ ಪಟ್ಟಿಯಾದರಂತೂ ಹೇಳುವುದೇ ಬೇಡ.

ಇದಕ್ಕೆ ಅಂಚೆ ಕಚೇರಿಯ ಉಪಾಯವಿದೆ. ಪತ್ರಗಳನ್ನು ಊರೂರಿನ ಗೂಡಿಗೆ ಹಾಕಿಟ್ಟರೆ ಹುಡುಕುವಾಗ ಆ ಒಂದು ಗೂಡು ನೋಡಿದರೆ ಸಾಕು. ಜಾವಾದ ‘ಹ್ಯಾಷ್‌ಸೆಟ್’ ಪ್ರತಿ ಹೆಸರಿನ ಅಕ್ಷರಗಳಿಂದ ಒಂದು ಸಂಖ್ಯೆ ಲೆಕ್ಕ ಹಾಕಿ, ಆ ಸಂಖ್ಯೆಯ ಗೂಡಿನಲ್ಲಿ ಹೆಸರನ್ನು ಇಡುತ್ತದೆ. ಮೊದಲ ಪಟ್ಟಿಯ 2,000 ಹೆಸರುಗಳನ್ನು ಗೂಡಿಗೆ ಹಾಕಿ, ಎರಡನೆಯ ಪಟ್ಟಿಯ 2,000 ಹೆಸರುಗಳಿಗೆ ತಲಾ ಒಂದು ಸಲ ಗೂಡು ನೋಡಿದರೆ ಮುಗಿಯಿತು. 40 ಲಕ್ಷದ ಕೆಲಸ ನಾಲ್ಕು ಸಾವಿರಕ್ಕೆ ಇಳಿಯಿತು.

ವೇಗವೇನೋ ಬಂತು. ಆದರೆ ‘ಸೆಟ್’ ಎಂಬುದರ ನಿಯಮವೇ ಒಂದೇ ಬಗೆಯದನ್ನು ಎರಡು ಸಲ ಇಟ್ಟುಕೊಳ್ಳದಿರುವುದು. ಓಣಿಗೊಬ್ಬ ಈರಣ್ಣನಿರುವ ಊರಿನಲ್ಲಿ ಎಂಟು ಈರಣ್ಣಂದಿರನ್ನು ಒಳಗೆ ಹಾಕಿದರೆ ಒಬ್ಬ ಉಳಿಯುತ್ತಾನೆ. ಏಳು ಜನ ಸದ್ದಿಲ್ಲದೆ ಮಾಯ. ಪ್ರೋಗ್ರಾಮ್ ಎಚ್ಚರಿಕೆಯ ಗಂಟೆ ಬಾರಿಸುವುದಿಲ್ಲ, ಏಕೆಂದರೆ ಅದರ ಲೆಕ್ಕದಲ್ಲಿ ತಪ್ಪೇ ಆಗಿಲ್ಲ. ಹೀಗಾಗಿ ಬರೀ ಹೆಸರನ್ನು ಗೂಡಿಗೆ ಹಾಕುವುದು ಅಪಾಯ. ತಂದೆಯ ಹೆಸರು, ಹುಟ್ಟಿದ ವರ್ಷ, ಮನೆ ನಂಬರು ಜೊತೆಗಿರಬೇಕು. ತಂದೆಯ ಹೆಸರಿನ ಕಾಲಂ ಖಾಲಿ ಇದ್ದರೆ ಮತ್ತೊಂದು ಪೇಚು. ಖಾಲಿ ಜಾಗವನ್ನು ಜಾವಾ ‘ನಲ್’ ಎನ್ನುತ್ತದೆ. ಇಲ್ಲದವನನ್ನು ‘ನೀನು ಇವನಿಗೆ ಸಮವೇ’ ಎಂದು ಕೇಳಿದ ಕೂಡಲೇ ಪ್ರೋಗ್ರಾಮ್ ನಿಂತುಬಿಡುತ್ತದೆ. ನಿಲ್ಲುವುದೇ ವಾಸಿ, ಸದ್ದಿಲ್ಲದೆ ತಪ್ಪು ಉತ್ತರ ಕೊಡುವುದಕ್ಕಿಂತ.

128ರ ದೂರದಲ್ಲಿ ತೆಲುಗು

ಇನ್ನು ಗಡಿನಾಡಿಗೇ ವಿಶೇಷವಾದ ಸಂಗತಿ. ಕನ್ನಡ, ತೆಲುಗು ಲಿಪಿಗಳು ಅಕ್ಕತಂಗಿಯರು. ಕೌತಾಳಂ ಬಸ್ಸಿನ ಬೋರ್ಡನ್ನು ಕನ್ನಡ ಶಾಲೆಯಲ್ಲಿ ಓದಿದವನೂ ಸಲೀಸಾಗಿ ಓದುತ್ತಾನೆ. ಕಂಪ್ಯೂಟರ್ ಓದುವುದಿಲ್ಲ. ಅದಕ್ಕೆ ಅಕ್ಷರದ ಆಕಾರ ಕಾಣದು, ಅಕ್ಷರಕ್ಕೆ ಕೊಟ್ಟ ಸಂಖ್ಯೆ ಮಾತ್ರ ಕಾಣುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಹಂಚಿದ ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡದ ‘ಕ’ 3221. ತೆಲುಗಿನ ‘ಕ’ 3093. ಕನ್ನಡದ ‘ರ’ 3248, ತೆಲುಗಿನ ‘ರ’ 3120. ಕಳೆದು ನೋಡಿ, ಎರಡರಲ್ಲೂ ವ್ಯತ್ಯಾಸ 128!

ಇದು ಆಕಸ್ಮಿಕವಲ್ಲ. ಭಾರತೀಯ ಲಿಪಿಗಳಿಗೆಲ್ಲ ಒಂದೇ ಅಕ್ಷರಮಾಲೆಯ ಚೌಕಟ್ಟು ಎಂಬ ತತ್ವದ ಮೇಲೆ 1980ರ ದಶಕದಲ್ಲಿ ನಮ್ಮಲ್ಲೇ ‘ಇಸ್ಕಿ’ ಎಂಬ ಮಾನಕ ರೂಪುಗೊಂಡಿತ್ತು. ಯೂನಿಕೋಡ್ ಅದನ್ನೇ ಆಧಾರವಾಗಿ ಇಟ್ಟುಕೊಂಡು ಒಂದೊಂದು ಲಿಪಿಗೆ 128 ಮನೆಗಳ ಓಣಿ ಕೊಟ್ಟಿತು. ತೆಲುಗಿನ ಓಣಿ 3072ರಿಂದ, ಪಕ್ಕದ ಕನ್ನಡದ ಓಣಿ 3200ರಿಂದ. ತೆಲುಗು ಓಣಿಯ 21ನೆಯ ಮನೆಯಲ್ಲಿ ‘ಕ’ ಇದ್ದರೆ ಕನ್ನಡ ಓಣಿಯ 21ನೆಯ ಮನೆಯಲ್ಲೂ ‘ಕ’. ಹಾಗಾಗಿ ಕನ್ನಡದ ಪ್ರತಿ ಅಕ್ಷರದಿಂದ 128 ಕಳೆದರೆ ಬಹುತೇಕ ಅದೇ ಹೆಸರು ತೆಲುಗು ಲಿಪಿಯಲ್ಲಿ ಎದ್ದು ನಿಲ್ಲುತ್ತದೆ. ‘ೞ’ ದಂಥ ಹಳೆಯ ಅಕ್ಷರಗಳು ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಅವು ಈಗ ಯಾರ ಹೆಸರಿನಲ್ಲೂ ಇರುವುದಿಲ್ಲ ಬಿಡಿ. ಎರಡು ರಾಜ್ಯದ ಪಟ್ಟಿಗಳನ್ನು ಹೋಲಿಸುವ ಪ್ರೋಗ್ರಾಮಿಗೆ ಇದಕ್ಕಿಂತ ಸುಲಭದ ಸೇತುವೆ ಬೇಕೆ?

ಬೇಕು. ಏಕೆಂದರೆ ಕನ್ನಡದೊಳಗೇ ಒಂದು ತೊಡಕು ಕುಳಿತಿದೆ. ‘ಆದೋನಿ’ ಎಂಬ ಹೆಸರನ್ನೇ ತೆಗೆದುಕೊಳ್ಳಿ. ನಮ್ಮ ಲೆಕ್ಕದಲ್ಲಿ ಮೂರಕ್ಷರ. ಜಾವಾ ಎಣಿಸಿದರೆ ಐದು: ಆ, ದ, ಓತ್ವದ ಗುರುತು, ನ, ಗುಡಿಸಿನ ಗುರುತು. ಇದು ಸರಿ. ಆದರೆ ಕೆಲವು ಕಡತಗಳಲ್ಲಿ ಅದೇ ಊರಿಗೆ ಏಳು ಬರುತ್ತದೆ. ಏಕೆಂದರೆ ಓತ್ವವನ್ನು ಒಂದೇ ಗುರುತಾಗಿ ಹಾಕಬಹುದು, ಇಲ್ಲವೇ ಎತ್ವ, ಕೊಂಬಿನ ದೀರ್ಘ, ಕೊನೆಗೆ ದೀರ್ಘದ ಚಿಹ್ನೆ ಎಂದು ಮೂರು ತುಂಡಾಗಿಯೂ ಹಾಕಬಹುದು. ಎರಡನ್ನೂ ಯೂನಿಕೋಡ್ ಒಪ್ಪುತ್ತದೆ. ಪರದೆಯ ಮೇಲೆ, ಮುದ್ರಣದಲ್ಲಿ ಕೂದಲೆಳೆಯ ವ್ಯತ್ಯಾಸವೂ ಕಾಣದು. ಈಕ್ವಲ್ಸ್ ಮಾತ್ರ ‘ಇವು ಬೇರೆ ಊರು’ ಎನ್ನುತ್ತದೆ. ಕೀಲಿಮಣೆಯ ತಂತ್ರಾಂಶ ಯಾವುದು, ಹಳೆಯ ಕಡತವನ್ನು ಪರಿವರ್ತಿಸಿದವರು ಯಾರು ಎಂಬುದರ ಮೇಲೆ ಇದು ನಿಂತಿದೆ.

ಮದ್ದು ಇದೆ. 2006ರಲ್ಲಿ ಬಂದ ಜಾವಾ 6ರಿಂದ ‘ನಾರ್ಮಲೈಸರ್’ ಎಂಬ ಸಲಕರಣೆ ಎಲ್ಲರ ಕೈಗೂ ಸಿಕ್ಕಿತು. ಅದು ತುಂಡು ತುಂಡಾದ ಗುರುತುಗಳನ್ನು ಕೂಡಿಸಿ ಒಂದೇ ರೂಪಕ್ಕೆ ತರುತ್ತದೆ. ಎರಡೂ ಪಟ್ಟಿಗಳನ್ನು ಮೊದಲು ಇದರಲ್ಲಿ ಹಾಯಿಸಿ, ಆಮೇಲೆ 128 ಕಳೆಯಬೇಕು. ಕ್ರಮ ತಿರುಗಿಸಿದರೆ ಕೆಲಸ ಕೆಟ್ಟಿತು, ಏಕೆಂದರೆ ತೆಲುಗಿನ ಓತ್ವಕ್ಕೆ ಈ ತುಂಡುಗಳ ಏರ್ಪಾಟು ಇಲ್ಲ. ಕಳೆದ ಮೇಲೆ ಕೂಡಿಸಲು ಹೋದರೆ ಅವು ಕೂಡುವುದಿಲ್ಲ.

ನಾರ್ಮಲೈಸರ್‌ಗೂ ಬಗ್ಗದ ಕಳ್ಳರಿದ್ದಾರೆ. ‘ರಾಜ್‌ಕುಮಾರ್’ ಎಂದು ಬರೆಯುವಾಗ ‘ಜ’ದ ಕೆಳಗೆ ಕಕಾರದ ಒತ್ತು ಬೀಳದಂತೆ ನಡುವೆ ಒಂದು ಕಾಣದ ಗುರುತು ಹಾಕುತ್ತಾರೆ. ಅದರ ಸಂಖ್ಯೆ 8204. ಒಬ್ಬ ಆಪರೇಟರ್ ಹಾಕಿದ, ಇನ್ನೊಬ್ಬ ಹಾಕಲಿಲ್ಲ ಎಂದರೆ ಹೆಸರು ಎರಡಾಯಿತು. ಹೆಸರಿನ ಹಿಂದೆ ಮುಂದೆ ಉಳಿದ ಖಾಲಿ ಜಾಗವನ್ನು ‘ಟ್ರಿಮ್’ ಕತ್ತರಿಸುತ್ತದೆ, ಆದರೆ ಈ ಕಾಣದ ಗುರುತು ಅದರ ಕತ್ತರಿಗೆ ಸಿಗದು. ಅದನ್ನು ಹುಡುಕಿಯೇ ತೆಗೆಯಬೇಕು. ಇನ್ನು 2000ರ ದಶಕದಲ್ಲಿ ಡಿ.ಟಿ.ಪಿ. ಅಂಗಡಿಗಳಲ್ಲಿ ನುಡಿ, ಬರಹ, ತೆಲುಗಿನ ಅನು ಫಾಂಟುಗಳಲ್ಲಿ ಟೈಪು ಮಾಡಿಟ್ಟ ಹಳೆಯ ಕಡತಗಳ ಪಾಡು ಕೇಳುವಂತಿಲ್ಲ. ಯೂನಿಕೋಡ್ ಅಲ್ಲದ ಆ ಫಾಂಟುಗಳ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳೇ, ಮೇಲೆ ಹೊದಿಸಿರುವುದು ಮಾತ್ರ ಕನ್ನಡದ, ತೆಲುಗಿನ ಆಕಾರ. ಪರಿವರ್ತಿಸದೆ ಅವನ್ನು ಹೋಲಿಸುವ ಮಾತೇ ಇಲ್ಲ.

ಉಚ್ಚಾರದ ಗಡಿ

ಲಿಪಿಯ ಕಷ್ಟ ಇಲ್ಲಿಗೆ ಮುಗಿಯಿತು ಎನ್ನೋಣ. ನಾಲಿಗೆಯ ಕಷ್ಟ ಉಳಿದಿದೆ. ಕನ್ನಡದ ‘ಅಣ್ಣ’ ತೆಲುಗಿನಲ್ಲಿ ‘ಅನ್ನ’. ಬಸವಣ್ಣ ಅಲ್ಲಿ ಬಸವನ್ನ ಆಗುತ್ತಾನೆ. ಮಂತ್ರಾಲಯ ಮಂತ್ರಾಲಯಂ ಆಗುತ್ತದೆ. ಈರಣ್ಣನ ಮುಂದೆ ಒಂದು ವಕಾರ ಬಂದು ಕೂರುತ್ತದೆ. 128 ಎಷ್ಟು ಸಲ ಕಳೆದರೂ ಇವು ಸಮವಾಗುವುದಿಲ್ಲ. ಜೊತೆಗೆ ಆಂಧ್ರದಲ್ಲಿ ಇಂಟಿ ಪೇರು ಮೊದಲು, ಹೆಸರು ಆಮೇಲೆ. ಉತ್ತರ ಕರ್ನಾಟಕದಲ್ಲಿ ಹೆಸರು ಮೊದಲು, ಮನೆತನ ಕೊನೆಗೆ. ‘ಬಿ. ಈರಣ್ಣ’ ಮತ್ತು ‘ಈರಣ್ಣ ಬಿ.’ ಒಬ್ಬನೇ ಎಂದು ತಿಳಿಯಲು ಹೆಸರನ್ನು ತುಂಡು ಮಾಡಿ, ತುಂಡುಗಳನ್ನು ಅಕಾರಾದಿಯಾಗಿ ಜೋಡಿಸಿ, ಆಮೇಲೆ ಹೋಲಿಸಬೇಕು. ಇದೊಂದು ಸಣ್ಣ ಅರೇಯೊಳಗಿನ ಅರೇ.

‘ಸಮ, ಸಮವಲ್ಲ’ ಎಂಬ ಎರಡೇ ಉತ್ತರದ ಬದಲು ‘ಎಷ್ಟು ಹತ್ತಿರ’ ಎಂದು ಕೇಳುವ ದಾರಿಯೂ ಇದೆ. ಸೋವಿಯತ್ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಸ್ಟೈನ್ 1965ರಲ್ಲಿ ತೋರಿಸಿದ ಅಳತೆ ಇದು: ಒಂದು ಪದವನ್ನು ಇನ್ನೊಂದಾಗಿ ಮಾಡಲು ಎಷ್ಟು ಗುರುತು ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು? ಬಸವಣ್ಣನಿಂದ ಬಸವನ್ನನಿಗೆ ಎರಡು ಬದಲಾವಣೆ, ದೂರ 2. ಈರಣ್ಣನಿಂದ ವೀರಣ್ಣನಿಗೆ ‘ಈ’ ಹೋಗಿ ‘ವ’ ಮತ್ತು ದೀರ್ಘದ ಗುರುತು ಬರಬೇಕು, ಅದೂ 2. ಹಾಗಾದರೆ ದೂರ 2ರವರೆಗೆ ಒಬ್ಬನೇ ಎಂದು ಒಪ್ಪಿಬಿಡೋಣವೇ?

ಒಪ್ಪಿದರೆ ಅನಾಹುತ. ರಾಮಪ್ಪನಿಂದ ಭೀಮಪ್ಪನಿಗೆ ಇರುವ ದೂರವೂ 2. ಬಸಪ್ಪನಿಗೂ ಬಸಮ್ಮನಿಗೂ 2! ಯಂತ್ರದ ಕಣ್ಣಿಗೆ ಗಂಡ ಹೆಂಡತಿ, ಅಣ್ಣ ತಂಗಿ ಒಂದೇ ಆಗಿಬಿಡುತ್ತಾರೆ. ಒಂದೇ ಮನೆ ನಂಬರು, ಹೆಚ್ಚುಕಡಿಮೆ ಒಂದೇ ವಯಸ್ಸು ಬೇರೆ ಇದ್ದರೆ ಕೇಳುವುದೇ ಬೇಡ, ಇಬ್ಬರಲ್ಲಿ ಒಬ್ಬರ ಹೆಸರು ‘ನಕಲಿ’ ಎಂದು ಬಿದ್ದುಹೋಗಬಹುದು.

ಇಂಗ್ಲಿಷಿನವರ ಉಪಾಯವೂ ನಮಗೆ ಒಗ್ಗದು. ಅಮೆರಿಕದಲ್ಲಿ 1918ರಲ್ಲಿ ಪೇಟೆಂಟ್ ಪಡೆದ ‘ಸೌಂಡೆಕ್ಸ್’ ಎಂಬ ಪದ್ಧತಿ ಹೆಸರಿನ ಮೊದಲ ಅಕ್ಷರವನ್ನು ಹಾಗೇ ಇಟ್ಟು, ಉಳಿದ ವ್ಯಂಜನಗಳಿಗೆ ಉಚ್ಚಾರದ ಪ್ರಕಾರ ಅಂಕಿ ಕೊಡುತ್ತದೆ. ಅಲ್ಲಿನ ಜನಗಣತಿಯ ಹೆಸರುಗಳ ಸೂಚಿ ಮಾಡಲು ಇದನ್ನು ಬಳಸಿದರು. ನಮ್ಮ ಈರಣ್ಣನ ಮೂರು ಇಂಗ್ಲಿಷ್ ರೂಪಗಳಿಗೆ ಇದನ್ನು ಹಚ್ಚಿದರೆ ಅಂಕಿ ಮೂರಕ್ಕೂ 650 ಎಂದೇ ಬರುತ್ತದೆ. ಆದರೆ ಮೊದಲ ಅಕ್ಷರ ಒಂದಕ್ಕೆ ‘ಇ’, ಒಂದಕ್ಕೆ ‘ಐ’, ಇನ್ನೊಂದಕ್ಕೆ ‘ವಿ’. ಮತ್ತೆ ಮೂವರೇ. ತಕರಾರು ಇರುವುದೇ ಮೊದಲ ಅಕ್ಷರದಲ್ಲಿ, ಪದ್ಧತಿ ನಂಬಿರುವುದೂ ಮೊದಲ ಅಕ್ಷರವನ್ನೇ.

ನಮ್ಮ ಸೀಮೆಗೆ ಬೇಕಾದುದು ನಮ್ಮ ನಾಲಿಗೆಯ ಪಟ್ಟಿ: ಣಕಾರ ನಕಾರ ಒಂದು, ಳಕಾರ ಲಕಾರ ಒಂದು, ಶ ಷ ಸ ಒಂದು, ಹೆಸರಿನ ಆರಂಭದ ‘ವೀ’ ಮತ್ತು ‘ಈ’ ಒಂದು, ಕೊನೆಯ ಅನುಸ್ವಾರ ಲೆಕ್ಕಕ್ಕಿಲ್ಲ. ‘ಅಪ್ಪ’ ಮತ್ತು ‘ಅಮ್ಮ’ ಮಾತ್ರ ಎಂದೂ ಒಂದಲ್ಲ. ಈ ನಿಯಮಗಳನ್ನು ಮೊದಲು ಹಚ್ಚಿ, ಆಮೇಲೆ ದೂರ ಅಳೆದರೆ ಈರಣ್ಣನೂ ವೀರನ್ನನೂ ಸೊನ್ನೆ ದೂರಕ್ಕೆ ಬರುತ್ತಾರೆ, ರಾಮಪ್ಪ ಭೀಮಪ್ಪರು ದೂರವೇ ಉಳಿಯುತ್ತಾರೆ. ಇದನ್ನು ಬರೆಯಲು ದೊಡ್ಡ ಎಂಜಿನಿಯರ್ ಬೇಕಿಲ್ಲ. ಎರಡು ಭಾಷೆ ಬಲ್ಲ ಗಡಿಯ ಡಿಗ್ರಿ ಹುಡುಗಿಯೊಬ್ಬಳು ಒಂದು ವಾರದಲ್ಲಿ ಬರೆದಾಳು. ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಕುಳಿತು ಒಂದೇ ಭಾಷೆಯ ಪಟ್ಟಿ ನೋಡಿದವರಿಗೆ ಈ ನಿಯಮ ಹೊಳೆಯುವುದು ಕಷ್ಟ.

ಇಷ್ಟಾದರೂ ಉತ್ತರ ಎರಡಲ್ಲ, ಮೂರಿರಬೇಕು. ಖಂಡಿತ ಒಬ್ಬನೇ, ಖಂಡಿತ ಬೇರೆ, ಮತ್ತು ‘ಊರಿಗೆ ಹೋಗಿ ಕೇಳಬೇಕು’. ಈ ಮೂರನೆಯದನ್ನು ಬಿಟ್ಟಾಗ ಏನಾಗುತ್ತದೆ ಎಂಬ ಭಯ ತೆಲುಗು ನಾಡಿಗೆ ಹೊಸದಲ್ಲ. 2015ರ ಮಾರ್ಚ್ 3ರಂದು ಚುನಾವಣಾ ಆಯೋಗ ಮತದಾರರ ಪಟ್ಟಿಯನ್ನು ಶುದ್ಧಗೊಳಿಸುವ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿ, ಪಟ್ಟಿಯನ್ನು ಆಧಾರ್ ಜೊತೆ ಜೋಡಿಸತೊಡಗಿತು. ಅದೇ ಆಗಸ್ಟ್ 11ರ ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶದ ನಂತರ ಜೋಡಣೆ ನಿಂತಿತು. 2018ರ ಡಿಸೆಂಬರ್ 7ರಂದು ತೆಲಂಗಾಣ ವಿಧಾನಸಭೆಗೆ ಮತದಾನ ನಡೆದಾಗ ಅನೇಕರು ಮತಗಟ್ಟೆಗೆ ಹೋಗಿ ತಮ್ಮ ಹೆಸರಿಲ್ಲದೆ ಮರಳಿದರು. ರಾಜ್ಯದ ಮುಖ್ಯ ಚುನಾವಣಾಧಿಕಾರಿ ಬಹಿರಂಗವಾಗಿ ಕ್ಷಮೆ ಕೇಳಿದರು. ಮನೆಮನೆಗೆ ಹೋಗಿ ನೋಡದೆ ತಂತ್ರಾಂಶದ ಮಾತು ಕೇಳಿ ಹೆಸರು ತೆಗೆದರೆಂಬ ದೂರು ಹೈಕೋರ್ಟಿನವರೆಗೂ ಹೋಯಿತು.

ಗಡಿಯವರಿಗೆ ಇದರಲ್ಲಿ ಇನ್ನೊಂದು ಸುಳಿ. 1950ರ ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 17ನೇ ಕಲಂ ಪ್ರಕಾರ ಒಬ್ಬರ ಹೆಸರು ಒಂದಕ್ಕಿಂತ ಹೆಚ್ಚು ಕ್ಷೇತ್ರದಲ್ಲಿ ಇರುವಂತಿಲ್ಲ. ಹೊಲ ಆಚೆ ಇದೆ ಎಂದು ಅಲ್ಲಿಯೂ, ಮನೆ ಈಚೆ ಇದೆ ಎಂದು ಇಲ್ಲಿಯೂ ಹೆಸರು ಬರೆಸಿದ್ದರೆ ಅದು ತಪ್ಪೇ. ಆದರೆ ಆದೋನಿಯ ಈರಣ್ಣ, ಸಿರುಗುಪ್ಪದ ಈರಣ್ಣ ನಿಜವಾಗಿಯೂ ಇಬ್ಬರಾಗಿದ್ದರೆ? ಅದೇ ಕಾಯ್ದೆಯ 22ನೇ ಕಲಂ, ಬೇರೆ ಕಡೆ ವಾಸ ಎಂಬಂಥ ಕಾರಣಕ್ಕೆ ಹೆಸರು ತೆಗೆಯುವ ಮೊದಲು ಆ ವ್ಯಕ್ತಿಗೆ ತನ್ನ ಮಾತು ಹೇಳಲು ಅವಕಾಶ ಕೊಡಬೇಕು ಎನ್ನುತ್ತದೆ. ನೋಟಿಸು ಬಂದರೆ ‘ನಮಗೇಕೆ’ ಎಂದು ಕಪಾಟಿನಲ್ಲಿಡದೆ ಉತ್ತರ ಕೊಡಬೇಕು. ಅಕ್ಷರ ದೋಷ ತಿದ್ದಿಸಲು ಫಾರಂ 8 ಇದೆ.

ಆಧಾರ್ ವಿಷಯದಲ್ಲಿ ಅವಸರ ಬೇಡ. ಅಲ್ಲಿ ಹೆಸರು ತಿದ್ದಿಸಲು ಸಾಮಾನ್ಯವಾಗಿ ಜೀವಮಾನದಲ್ಲಿ ಎರಡೇ ಅವಕಾಶ. ಬ್ಯಾಂಕಿನ ಪಾಸ್‌ಬುಕ್ಕು, ಪಟ್ಟಾ ಪುಸ್ತಕ, ಪಹಣಿ, ಮಕ್ಕಳ ಹತ್ತನೇ ತರಗತಿಯ ಸರ್ಟಿಫಿಕೇಟು ಎಲ್ಲವನ್ನೂ ಒಂದೇ ಕಡೆ ಹರಡಿ, ಹೆಚ್ಚು ಕಾಗದಗಳಲ್ಲಿ ಇರುವ ಇಂಗ್ಲಿಷ್ ಅಕ್ಷರ ಯಾವುದೆಂದು ನೋಡಿ ಅದನ್ನೇ ಉಳಿಸಿಕೊಳ್ಳುವುದು ಲೇಸು. ಮಕ್ಕಳ ವಿಷಯದಲ್ಲಿ ಹತ್ತನೇ ತರಗತಿಯ ಸರ್ಟಿಫಿಕೇಟಿನ ಅಕ್ಷರಕ್ಕೇ ಮೊದಲ ಮಣೆ, ಅದನ್ನು ಆಮೇಲೆ ತಿದ್ದಿಸುವಷ್ಟು ತ್ರಾಸ ಇನ್ನಾವುದಕ್ಕೂ ಇಲ್ಲ. ಗಡಿಯ ಕನ್ನಡ ಶಾಲೆಗಳಿಗೆ ಮಗುವನ್ನು ಸೇರಿಸುವ ತಂದೆತಾಯಿ ಹೆಸರನ್ನು ಬಾಯಿಮಾತಿನಲ್ಲಿ ಹೇಳಿ ಬರದೆ, ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ ಚೀಟಿಯಲ್ಲಿ ಬರೆದು ಹೆಡ್‌ಮಾಸ್ತರರ ಕೈಗೆ ಕೊಟ್ಟರೆ, ರಿಜಿಸ್ಟರಿನಲ್ಲಿ ಬೀಳುವ ಅಕ್ಷರ ಅವರದೇ ಆಗಿರುತ್ತದೆ.